ಕಿಟಕಿಯಲ್ಲಿದ್ದ ಮಣ್ಣುನೀರಿನ ಬಾಟಲಿ

ನನ್ನ ಮೊಮ್ಮಗಳಿಗೆ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದಿದೆ! ಎಸ್ಟೇಟಿನ ಕೂಲಿ ಲೈನಿನ ಮನೆಮನೆಗೂ ಹೋಗಿ ಹೇಳಿ ಬಂದೆ. ಒಂದು ಮಾತನ್ನು ಮಾತ್ರ ನುಂಗಿಕೊಂಡೆ.

ಅವಳು ತೋಟದ ಮಣ್ಣನ್ನು ನೀರಿಗೆ ಹಾಕಿ, ಕುಲುಕಿ, ಬಾಟಲಿಯನ್ನು ಕಿಟಕಿಯಲ್ಲಿಟ್ಟಿದ್ದಳು. ಅಲುಗಿಸದೆ ಬಿಟ್ಟರೆ ಮರಳು ತಳಕ್ಕೆ, ಜೇಡಿ ಅದರ ಮೇಲೆ ಕೂರುತ್ತದಂತೆ. ನಾನೋ, ಕಾಫಿ ಗಿಡಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಡ್ರಮ್ಮಿನ ಪಕ್ಕ ವರ್ಷಗಟ್ಟಲೆ ಕೋಲು ಹಿಡಿದು ಕಲಕುತ್ತ ನಿಂತವಳು. ಔಷಧಿ ತಳ ಕಟ್ಟಿದರೆ ಕೆಲಸ ನೋಡಿಕೊಳ್ಳುವ ರೈಟರ್ ಬೈಯುತ್ತಿದ್ದರು. ಮೇಲೆ ತಿಳಿನೀರು ನಿಂತದ್ದು ಕಂಡರೆ ನನ್ನ ಕೈ ಸುಮ್ಮನಿರದು. ದಿನಾ ಬೆಳಿಗ್ಗೆ ಬಾಟಲಿಯನ್ನು ಎತ್ತಿ ಚೆನ್ನಾಗಿ ಕುಲುಕಿಡುತ್ತಿದ್ದೆ.

“ಯಾರಜ್ಜಿ ಇದನ್ನ ಅಲ್ಲಾಡ್ಸಿದ್ದು?” ಎಂದು ಅವಳು ಅತ್ತಳು.

“ಬೆಕ್ಕಿರ್ಬೇಕು ಕಣೇ” ಅಂದುಬಿಟ್ಟೆ. ಪಾಪದ ಬೆಕ್ಕಿಗೆ ಏಟೂ ಬಿತ್ತು. ಅವಳು ಬಾಟಲಿಯನ್ನು ಅಟ್ಟಕ್ಕೇರಿಸಿದಳು; ನನ್ನ ಕೈಗೆಟುಕದ ಅಲ್ಲಿ ಮಣ್ಣು ಪದರ ಪದರವಾಗಿ ಕೂತಿತು.

ಇವತ್ತು ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ತಡೆಯಲಾರದೆ ಒಪ್ಪಿಕೊಂಡೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಗೊತ್ತಿತ್ತು ಬಿಡಜ್ಜಿ. ಬೆಕ್ಕೇನು ಬಾಟ್ಲಿ ಎತ್ತಿ ಕುಲುಕ್ತದಾ? ಈಗ ಸಾರು ಕಲಕಿ ಬಡ್ಸು, ಬೇಳೆಯೆಲ್ಲ ತಳದಲ್ಲೈತೆ” ಅಂದಳು ಮೊಮ್ಮಗಳು.

ಎಲ್ಲರೂ ನಕ್ಕರು. ನಾನು ತಳದವರೆಗೆ ಸೌಟು ಇಳಿಸಿ ಕಲಕಿ, ಮೊದಲು ಅವಳ ತಟ್ಟೆಗೆ, ಆಮೇಲೆ ಎಲ್ಲರಿಗೂ ಬಡಿಸಿದೆ. ಬೆಕ್ಕಿಗೂ ಹಾಲು ಕಲಸಿದ ಒಂದು ಹಿಡಿ ಅನ್ನ ಹಾಕಿ ಊಟಕ್ಕೆ ಕೂತೆ.