ಬೋಳು ಮೂಲೆಯ ಕಾಗದ

ಅಲ್ಲ ಮಾರಾಯರೇ, ಆ ಸ್ಟಾಂಪ್ ಅಂಟಿಸಿದ್ದು ಬ್ಯಾಪ್ಟಿಸ್ಟ್ ಅಂಕಲ್ ಅಲ್ಲವೇ ಅಲ್ಲ. ಮೊನ್ನೆ ಅಂಗಡಿಯಲ್ಲಿ ನಾನು ಇದನ್ನೇ ಹೇಳುತ್ತಿದ್ದೆ, ಅಷ್ಟರಲ್ಲಿ ಗಿರಾಕಿಗಳು ಬಂದು ಮಾತು ಅರ್ಧಕ್ಕೆ ನಿಂತಿತು. ಇಲ್ಲಿನ ನಮ್ಮ ಊರವರ ಸಂಘದವರು ಏನು ಬೇಕಾದರೂ ಹೇಳಿಕೊಳ್ಳಲಿ. ನಾನು ಕಣ್ಣಾರೆ ಕಂಡವನು. ಪೂರ್ತಿ ಓದಿ, ಆಮೇಲೆ ನೀವೇ ಹೇಳಿ.

ಅಂಕಲ್ ಇರುವುದು ಇಲ್ಲೇ ಬಹ್ರೈನಿನ ಗುದೈಬಿಯಾದಲ್ಲಿ, ನಮ್ಮ ಕೋಲ್ಡ್ ಸ್ಟೋರ್ ಅಂಗಡಿಯ ಮೇಲಿನ ಎರಡನೇ ಮಾಳಿಗೆಯಲ್ಲಿ. ಹೆಸರು ಬ್ಯಾಪ್ಟಿಸ್ಟ್ ಲೋಬೊ, ಊರು ಕಿನ್ನಿಗೋಳಿ ಹತ್ತಿರ. ಸಿತ್ರಾದ ಒಂದು ಕಾರ್ಖಾನೆಯಲ್ಲಿ ಬಂದ ಟಪಾಲು ವಿಂಗಡಿಸಿ ಮೇಜು ಮೇಜಿಗೆ ಮುಟ್ಟಿಸುವ ಕೆಲಸ. ಬೆಳಗ್ಗೆ ಐದಕ್ಕೆ ಕಂಪನಿ ಬಸ್ಸು ಹತ್ತುತ್ತಾರೆ. ನೋಡಿದರೆ ಬಹಳ ಸಾದಾ ಮನುಷ್ಯ. ಆದರೆ ಬಿದ್ದ ವಿಮಾನಗಳ ವಿಷಯ ತೆಗೆದಿರೋ, ನಿಮ್ಮ ಚಹಾ ತಣ್ಣಗಾಗುವುದು ಗ್ಯಾರಂಟಿ!

ಈಗಿನ ವಿಮಾನಗಳಲ್ಲ. ಎರಡನೇ ಮಹಾಯುದ್ಧಕ್ಕೂ ಮೊದಲು, ಲಂಡನ್ನಿನಿಂದ ಕರಾಚಿಗೆ ಟಪಾಲು ಹೊತ್ತುಕೊಂಡು ದಾರಿಯಲ್ಲಿ ಬಹ್ರೈನಿನಲ್ಲಿ ಇಳಿದು ಹೋಗುತ್ತಿದ್ದವಲ್ಲ, ಅವು. ಒಳಗೆ ಹತ್ತಿಪ್ಪತ್ತು ಜನ, ಉಳಿದದ್ದೆಲ್ಲ ಚೀಲ ಚೀಲ ಕಾಗದ. ಬಿರುಗಾಳಿಗೆ ಸಿಕ್ಕಿದವು ಎಷ್ಟೋ, ಮರುಭೂಮಿಯಲ್ಲಿ ದಾರಿ ತಪ್ಪಿದವು ಎಷ್ಟೋ. ಜನ ಸತ್ತರೂ ಚೀಲ ಸಿಕ್ಕಿದರೆ ಅಂಚೆಯವರು ಒಣಗಿಸಿ, ‘ಅಪಘಾತದಲ್ಲಿ ಹಾಳಾದದ್ದು’ ಎಂದು ಒಂದು ಸೀಲು ಹೊಡೆದು ವಿಳಾಸಕ್ಕೆ ಮುಟ್ಟಿಸುತ್ತಿದ್ದರಂತೆ. ಅಂಥ ಕಾಗದಗಳನ್ನು ಅಂಕಲ್ ಒಟ್ಟುಮಾಡುತ್ತಾರೆ. ಮೂವತ್ತೆಂಟು ಉಂಟು ಅವರ ಹತ್ತಿರ. ಒಂದರ ಅಂಚು ಸುಟ್ಟಿದೆ. ಒಂದನ್ನು ಅಲ್ಲಾಡಿಸಿದರೆ ಇವತ್ತಿಗೂ ಮರಳು ಉದುರುತ್ತದೆ.

ಇದರ ಹುಚ್ಚು ಹಿಡಿದದ್ದು ಹೇಗೆಂದು ಒಮ್ಮೆ ಕೇಳಿದೆ. ಅವರು ಕೆಲಸಕ್ಕೆ ಸೇರಿದ ವರ್ಷ ಕಾರ್ಖಾನೆಗೆ ಬಂದ ಟಪಾಲು ಚೀಲವೊಂದು ಮಳೆಗೆ ನೆನೆದು ಮುದ್ದೆಯಾಗಿತ್ತಂತೆ. ಸಾಹೇಬರು ಬಿಸಾಡಲು ಹೇಳಿದರು. ಇವರು ಬಿಸಾಡಲಿಲ್ಲ. ಮೂರು ದಿನ ಕಿಟಕಿಯ ಬಳಿ ಒಣಗಿಸಿ, ಕೇರಳದ ವೆಲ್ಡರಿಗೆ, ಪಾಕಿಸ್ತಾನದ ಡ್ರೈವರಿಗೆ, ಯಾರದ್ದು ಯಾರಿಗೆ ಎಂದು ಹುಡುಕಿ ಕೊಟ್ಟರು. ‘ಕಾಗದ ಅಂದ್ರೆ ಹಾಗೆ ಮಸೂದಾ, ನಮ್ಮ ಕೈಯಲ್ಲಿ ಇರುವಷ್ಟು ಹೊತ್ತು ಅದು ಬೇರೆಯವರದ್ದು’ ಎಂದು ನನಗೆ ಹೇಳಿದ್ದಾರೆ. ನನ್ನಂಥ ಇಪ್ಪತ್ತೆರಡರ ಹುಡುಗನನ್ನು ಕೂರಿಸಿಕೊಂಡು ಯಾರು ಇಷ್ಟು ಹೇಳುತ್ತಾರೆ ಹೇಳಿ?

ಮೂವತ್ತೆಂಟರಲ್ಲಿ ಅವರ ಜೀವ ಇರುವುದು ಒಂದರಲ್ಲಿ. ಮನಾಮದ ಸೂಕಿನಲ್ಲಿ, ಅಂದರೆ ಹಳೇ ಪೇಟೆಯಲ್ಲಿ, ಮುದುಕ ವ್ಯಾಪಾರಿಯೊಬ್ಬರು ಅಂಗಡಿ ಮುಚ್ಚುವಾಗ ಕೊಟ್ಟದ್ದು. ನೀರಿನ ಮೇಲೆ ಇಳಿಯುವ ಟಪಾಲು ವಿಮಾನವೊಂದು ಇಲ್ಲೇ ದಡದ ಹತ್ತಿರ ಇಳಿಯುವಾಗ, ಮೀನು ಹಿಡಿಯಲು ಸಮುದ್ರದಲ್ಲಿ ನೆಟ್ಟ ಕೋಲಿನ ಬೇಲಿಗೆ ತಾಗಿ ಹೊಟ್ಟೆ ಸೀಳಿಕೊಂಡಿತ್ತಂತೆ. ಆ ಚೀಲದ ಕಾಗದ ಇದು. ಉಪ್ಪುನೀರಿಗೆ ಶಾಯಿ ಹರಡಿ ಹೆಸರು ಅಳಿಸಿದೆ, ‘ಬಹ್ರೈನ್’ ಎಂಬುದು ಮಾತ್ರ ಓದಲಿಕ್ಕೆ ಆಗುತ್ತದೆ. ನೀರಿನಲ್ಲಿ ಗೋಂದು ಕರಗಿ ಸ್ಟಾಂಪ್ ತೇಲಿಹೋಗಿದೆ. ಬಲಗಡೆಯ ಮೇಲಿನ ಮೂಲೆ ಬೋಳು. ಅಲ್ಲೇ ಅಂಚೆಯವರ ನೇರಳೆ ಸೀಲು. ಯಾರಿಗೂ ಮುಟ್ಟದ ಕಾಗದ, ಆದ್ದರಿಂದ ಯಾರೂ ಒಡೆದಿಲ್ಲ. ಅಂಕಲ್ ಕೂಡ ಒಡೆದಿಲ್ಲ. ‘ನನಗೆ ಬಂದದ್ದಲ್ಲವಲ್ಲ’ ಎನ್ನುತ್ತಾರೆ.

ಇನ್ನು ಲೀಲಾಧರಣ್ಣ. ಒಂದು ಆಫೀಸಿನಲ್ಲಿ ಮ್ಯಾನೇಜರ್, ನಮ್ಮ ಸಂಘದ ಸೆಕ್ರೆಟರಿ, ಅಂಕಲಿನ ಹದಿನಾರು ವರ್ಷದ ದೋಸ್ತಿ. ಹೆಂಡತಿ ಮಕ್ಕಳು ಊರಲ್ಲಿ. ವಾರದ ರಜೆಯ ಶುಕ್ರವಾರ ಅಂಕಲ್ ಇಗರ್ಜಿಯಿಂದ ಬಂದು ಮೀನು ಸಾರು ಮಾಡುವುದು, ಲೀಲಾಧರಣ್ಣ ಬಂದು ಉಣ್ಣುವುದು, ಅಂಕಲ್ ಒಂದೊಂದು ಕಾಗದ ತೆಗೆದು ಆ ವಿಮಾನ ಬಿದ್ದ ಕತೆ ಹೇಳುವುದು, ಇದು ತಪ್ಪಿದ್ದನ್ನು ನಾನು ನೋಡಿಲ್ಲ.

ಕಳೆದ ನವೆಂಬರಿನಲ್ಲಿ ಸಂಘದವರು ಹವ್ಯಾಸಗಳ ಪ್ರದರ್ಶನ ಇಟ್ಟರು. ಲೀಲಾಧರಣ್ಣನೇ ಬಂದು ಕೇಳಿದರು. ಬೇರೆಯವರು ಕೇಳಿದ್ದರೆ ಅಂಕಲ್ ಕೊಡುತ್ತಿರಲಿಲ್ಲ.

‘ಬಾಪ್ತಿ, ಆ ಸಮುದ್ರದ ಕಾಗದ ಕೊಡು ಮಾರಾಯ. ಫ್ರೇಮ್ ಹಾಕಿಸಿ ಇಡುವ. ನಿನ್ನ ಹೆಸರು ದೊಡ್ಡದಾಗಿ ಬರ್ಲಿ.’

‘ಹೆಸರು ಬೇಡ. ಬಿಸಿಲು ತಾಗ್ಬಾರ್ದು, ಕೈ ತಾಗ್ಬಾರ್ದು, ಅಷ್ಟೇ.’

‘ನನ್ನ ಮಗುವಿನ ಹಾಗೆ ನೋಡ್ಕೊಳ್ತೇನೆ.’

‘ನಿನ್ನ ಮಗುವನ್ನು ನೀನು ಎರಡು ವರ್ಷಕ್ಕೊಮ್ಮೆ ನೋಡುದು’ ಎಂದರು ಅಂಕಲ್. ಮೂವರೂ ನಕ್ಕೆವು.

ಪ್ರದರ್ಶನದ ದಿನ ಮೇಜು ಜೋಡಿಸಲು ನಾನೂ ಹೋಗಿದ್ದೆ. ಅಂಕಲಿಗೆ ಆ ಶುಕ್ರವಾರ ಓವರ್‌ಟೈಮ್ ಬಿದ್ದಿತ್ತು, ಅವರು ಇನ್ನೂ ಬಂದಿರಲಿಲ್ಲ. ಕಾಗದ ಗೋಡೆಯಲ್ಲಿ ಚಂದದ ಫ್ರೇಮಿನಲ್ಲಿತ್ತು. ಕೆಳಗೆ ಚೀಟಿ: ‘ನೀರಿಗೆ ಬಿದ್ದ ಟಪಾಲು. ಸಂಗ್ರಹ: ಲೀಲಾಧರ ಮತ್ತು ಗೆಳೆಯರು.’ ನನಗೆ ಆ ಹೆಸರೇ ಸರಿ ಕಾಣಲಿಲ್ಲ. ಕಣ್ಣೆತ್ತಿ ನೋಡುತ್ತೇನೆ, ಬೋಳು ಮೂಲೆಯಲ್ಲಿ ರಾಜನ ತಲೆಯ ಒಂದು ಹಳೇ ಸ್ಟಾಂಪ್! ಲೀಲಾಧರಣ್ಣನನ್ನು ಹುಡುಕಿದರೆ ಅವರು ಗೇಟಿನ ಬಳಿ ಅತಿಥಿಗಳಿಗೆ ಹೂವಿನ ಹಾರ ಹಿಡಿದು ನಿಂತಿದ್ದರು. ಅಷ್ಟರಲ್ಲಿ ಅವರೇ ತೀರ್ಪುಗಾರರನ್ನು ಒಳಗೆ ಕರೆದುಕೊಂಡು ಬಂದರು. ರಾಫೆಲ್ ಸರ್ ಅಂತ, ನಮ್ಮ ಊರಿನ ಕಡೆಯವರೇ, ರಿಟೈರ್ಡ್ ಪೋಸ್ಟ್‌ಮಾಸ್ಟರ್, ಮಗಳ ಮನೆಗೆ ಬಂದವರು. ಅವರು ಫ್ರೇಮಿನ ಹತ್ತಿರ ಮೂಗು ತಂದು ನೋಡಿದರು. ಆಗಲೇ ಅಂಕಲ್ ಕಂಪನಿಯ ಅಂಗಿಯಲ್ಲೇ, ಬೆವರು ಒರೆಸುತ್ತಾ ಒಳಗೆ ಬಂದರು.

‘ಇದು ನೀರಿಗೆ ಬಿದ್ದ ಟಪಾಲು ಅಂತ ಬರೆದಿದ್ದೀರಿ’ ಎಂದರು ರಾಫೆಲ್ ಸರ್. ‘ಕಾಗದ ಇಷ್ಟು ನೆಂದಿದೆ, ಸ್ಟಾಂಪ್ ಮಾತ್ರ ಮದುಮಗನ ಹಾಗೆ ಕೂತಿದೆ. ಅದರ ಮೇಲೆ ಒಂದು ಸೀಲಿನ ಗೆರೆ ಕೂಡ ಇಲ್ಲ. ಡೂಪ್ಲಿಕೇಟ್ ಇದು. ಯಾರದ್ದು?’

ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ನಾನು ಲೀಲಾಧರಣ್ಣನ ಮುಖ ನೋಡಿದೆ. ಅಂಕಲ್ ಕೂಡ ಅವರ ಮುಖವನ್ನೇ ನೋಡುತ್ತಿದ್ದರು. ಲೀಲಾಧರಣ್ಣ ಒಂದು ಕ್ಷಣ ಗೋಡೆ ನೋಡಿ ಹೇಳಿದರು, ‘ಬ್ಯಾಪ್ಟಿಸ್ಟ್‌ದು ಸರ್. ನನಗೆ ಇದರದ್ದೆಲ್ಲ ಎಂತ ಗೊತ್ತು? ಅವ ಕೊಟ್ಟದ್ದೇ ಹೀಗೆ.’

ಅಂಕಲ್ ಕೂಗಾಡಲಿಲ್ಲ. ‘ಫ್ರೇಮ್ ಒಮ್ಮೆ ಬಿಚ್ಚಿ ಸರ್, ನಾನು ತೋರಿಸ್ತೇನೆ’ ಎಂದರು.

‘ಈಗ ಬೇಡ ಬಾಪ್ತಿ, ಚೀಫ್ ಗೆಸ್ಟ್ ಬಂದಾಯ್ತು’ ಎಂದು ಲೀಲಾಧರಣ್ಣ ಅವರ ಭುಜ ಹಿಡಿದು ಬದಿಗೆ ಸರಿಸಿದರು. ರಾಫೆಲ್ ಸರ್ ಮುಂದಿನ ಮೇಜಿಗೆ ಹೋದರು. ಬೆಂಕಿಕಡ್ಡಿಯ ತಾಜಮಹಲಿಗೆ ಬಹುಮಾನ ಸಿಕ್ಕಿತು.

ಸಂಜೆ ಫ್ರೇಮನ್ನು ನಾನೇ ಹೊತ್ತು ಅಂಕಲಿನ ಮನೆಗೆ ತಂದೆ. ಅಂಕಲ್ ಹಿಂದಿನ ರಟ್ಟು ಬಿಚ್ಚಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ನೇರಳೆ ಸೀಲಿನ ಅರ್ಧ ಹೊರಗೆ, ಇನ್ನರ್ಧ ಸ್ಟಾಂಪಿನ ಅಡಿಯಲ್ಲಿ ಕಪ್ಪಗೆ ಕಾಣುತ್ತಿತ್ತು. ಅಂದರೆ ಸೀಲು ಹೊಡೆಯುವಾಗ ಅಲ್ಲಿ ಸ್ಟಾಂಪೇ ಇರಲಿಲ್ಲ. ನಾನು ಕುಣಿದೇಬಿಟ್ಟೆ.

‘ಅಂಕಲ್, ಸ್ವಲ್ಪ ನೀರು ತಾಗಿಸಿ ಕಿತ್ತುಬಿಡುವ!’

‘ನೀರು ತಾಗಿದ್ರೆ ಸೀಲು ಹೋಗ್ತದೆ. ಒಣಗಿದ್ದನ್ನು ಕಿತ್ತರೆ ಕಾಗದ ಹರೀತದೆ. ಗಟ್ಟಿ ಗಮ್ ಹಾಕಿದ್ದಾನೆ.’

‘ಹಾಗಾದ್ರೆ ಹೀಗೇ ತೆಗೊಂಡು ಹೋಗಿ ರಾಫೆಲ್ ಸರಿಗೆ ತೋರಿಸ್ತೇನೆ, ಈಗ್ಲೇ!’

‘ಕೂತ್ಕೋ’ ಎಂದರು. ‘ರಾಫೆಲ್ ನಂಬಿದ್ರೆ ಎಷ್ಟು, ಬಿಟ್ರೆ ಎಷ್ಟು. ಅವ ಹೇಳ್ಬೇಕು. ಲೀಲಾಧರ.’

ಮುಂದಿನ ಶುಕ್ರವಾರ ಲೀಲಾಧರಣ್ಣ ಬಂದರು, ಕೈಯಲ್ಲಿ ಒಂದು ಕಿಲೋ ಅಂಜಲು ಮೀನು. ನಾನು ಮೇಲೆ ಸಾಮಾನು ಕೊಡಲು ಹೋದವನು ಬಾಗಿಲಲ್ಲೇ ನಿಂತೆ.

‘ಒಂದು ಸ್ಟಾಂಪಿಗೆ ಇಷ್ಟು ಕೋಪವಾ ಬಾಪ್ತಿ? ಮೂಲೆ ಬೋಳು ಬೋಳು ಕಾಣ್ತಿತ್ತು. ಚಂದ ಕಾಣ್ಲಿ ಅಂತ ಹಾಕಿದೆ.’

‘ಹದಿನಾರು ವರ್ಷ ಇದೇ ಮೇಜಲ್ಲಿ ಕೂತಿದ್ದೀ. ಸ್ಟಾಂಪ್ ಯಾಕೆ ಇಲ್ಲ ಅಂತ ಎಷ್ಟು ಸಲ ಹೇಳಿದ್ದೇನೆ?’

‘ಹೇಳಿದ್ದೀ ಮಾರಾಯ. ನಾನು ಊಟ ಮಾಡ್ತಿದ್ದೆ.’

ಅಂಕಲ್ ನಗಲಿಲ್ಲ. ‘ಅಂಟಿಸಿದ್ದು ಹೋಗ್ಲಿ. ಚೀಟಿಯಲ್ಲಿ ನಿನ್ನ ಹೆಸರು ಹಾಕಿದ್ದೂ ಹೋಗ್ಲಿ. ನಾನು ಕೊಟ್ಟದ್ದೇ ಹಾಗೆ ಅಂತ ಹೇಳಿದ್ಯಲ್ಲ.’

‘ಅಷ್ಟು ಜನರ ಮುಂದೆ ಮತ್ತೆಂತ ಹೇಳುದು? ನಾನು ಸೆಕ್ರೆಟರಿ.’

‘ಬರುವ ಮೀಟಿಂಗಲ್ಲಿ ನಿಜ ಹೇಳು. ಒಂದೇ ವಾಕ್ಯ. ಅಂಟಿಸಿದ್ದು ನಾನು ಅಂತ.’

ಲೀಲಾಧರಣ್ಣ ಮೀನಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ‘ಆ ಮೀಟಿಂಗಲ್ಲೇ ಎಲೆಕ್ಷನ್ ಉಂಟು ಬಾಪ್ತಿ. ಅದು ಕಳೀಲಿ.’

‘ಹಾಗಾದ್ರೆ ಮೀನು ತೆಗೊಂಡು ಹೋಗು’ ಎಂದರು ಅಂಕಲ್. ದನಿ ಏರಿಸಲಿಲ್ಲ.

ಎಲೆಕ್ಷನ್ ಕಳೆದು ಮೂರು ತಿಂಗಳಾಯಿತು. ಲೀಲಾಧರಣ್ಣ ಈಗ ಅಧ್ಯಕ್ಷರು. ಆ ವಾಕ್ಯ ಇನ್ನೂ ಬಂದಿಲ್ಲ. ಸಂಘದವರ ಬಾಯಲ್ಲಿ ಅಂಕಲಿಗೆ ‘ಡೂಪ್ಲಿಕೇಟ್ ಬ್ಯಾಪ್ಟಿಸ್ಟ್’ ಎಂಬ ಹೆಸರು ಬಿದ್ದಿದೆ. ಅವರ ಕಿವಿಗೂ ಬಿದ್ದಿದೆ. ಈಗ ಸಾರು ಒಬ್ಬರಿಗೆ ಸಾಕಾಗುವಷ್ಟೇ ಮಾಡುತ್ತಾರೆ. ಹೊಸ ಕಾಗದ ತರಿಸುವುದನ್ನೂ ನಿಲ್ಲಿಸಿದ್ದಾರೆ. ನಾನು ಹೋದರೆ ಡಬ್ಬ ತೆಗೆಯುತ್ತಾರೆ, ಆದರೆ ಮೊದಲಿನ ಹಾಗೆ ಕೈ ಬೀಸಿ, ವಿಮಾನ ಬಿದ್ದ ಸದ್ದು ಮಾಡಿ ಹೇಳುವುದಿಲ್ಲ. ನಡುವೆ ನಿಲ್ಲಿಸಿ, ‘ನೀನು ಕೇಳ್ತಾ ಇದ್ದೀಯಲ್ಲ?’ ಎಂದು ನನ್ನ ಮುಖ ನೋಡುತ್ತಾರೆ. ನನಗೆ ಅಳು ಬರುತ್ತದೆ.

ನಾನೊಬ್ಬ ಕೇಳಿದರೆ ಸಾಲದು. ಅದಕ್ಕೇ ಇಷ್ಟು ಬರೆದದ್ದು. ದಯವಿಟ್ಟು ನೀವೊಮ್ಮೆ ಹೋಗಿ. ಶುಕ್ರವಾರ ಹನ್ನೊಂದರ ಮೇಲೆ ಮನೆಯಲ್ಲೇ ಇರುತ್ತಾರೆ. ಎರಡನೇ ಮಾಳಿಗೆ, ಎಡಗಡೆಯ ಹಸಿರು ಬಾಗಿಲು. ಬೆಲ್ ಕೆಟ್ಟಿದೆ, ಜೋರಾಗಿ ತಟ್ಟಿ. ಮಸೂದ್ ಕಳಿಸಿದ ಎಂದು ಹೇಳಿ, ಕೈ ತೊಳೆದು ಕೂತು, ಮೂವತ್ತೆಂಟನ್ನೂ ಕೇಳಿ. ಊಟ ಮಾತ್ರ ನಿಮ್ಮ ಮನೆಯಲ್ಲೇ ಮುಗಿಸಿಕೊಂಡು ಹೋಗಿ.