ಎಂಟು ದಿನದ ಗಿಳಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್-ರೇ ತೆಗೆಯುವ ಅಕ್ಕನಿಗೆ ಐವತ್ಮೂರು ವರ್ಷ. ದಿನವಿಡೀ ಅವಳು ಆಡುವುದು ಮೂರೇ ಮಾತು: "ಉಸಿರು ಹಿಡ್ಕೊಳ್ಳಿ. ಅಲ್ಲಾಡಬೇಡಿ. ಹೂಂ, ಬಿಡಿ." ಸಾಕಿದ ದೊಡ್ಡಮ್ಮ ಎರಡು ವರ್ಷದ ಹಿಂದೆ ತೀರಿಹೋದ ಮೇಲೆ ಮನೆಯಲ್ಲಿ ಆ ಮೂರೂ ಇಲ್ಲ. ಮಾತು ಬೆಳ್ಳಿ ಮೌನ ಬಂಗಾರ ಎನ್ನುವುದು ನಿಜವಾಗಿದ್ದರೆ ಅವಳಷ್ಟು ಸಿರಿವಂತೆ ಆ ಬೀದಿಯಲ್ಲೇ ಇರುತ್ತಿರಲಿಲ್ಲ.

ಹಾಗಾಗಿಯೇ ಗಿಳಿ ಸಾಕುವ ಯೋಚನೆ ಬಂತು. ಹಕ್ಕಿ ಅಂಗಡಿಯ ಮುದುಕ ಮಹಾ ಸಿಡುಕ. ಮಾರುವುದಕ್ಕಿಂತ ಗಿರಾಕಿಯನ್ನು ಓಡಿಸುವುದರಲ್ಲೇ ಅವನಿಗೆ ಸುಖ.

"ಐವತ್ತು ವರ್ಷ ಬದುಕೋ ಜೀವ ಕಣಮ್ಮ. ಕಚ್ಚುತ್ತೆ, ಕಿರುಚುತ್ತೆ, ಕೇಳಿದ್ದನ್ನೆಲ್ಲ ಕಲಿಯುತ್ತೆ. ಅದಿರ್ಲಿ, ಹಗಲು ಮನೇಲಿ ಯಾರಿರ್ತಾರೆ? ಒಂಟಿಯಾಗಿ ಬಿಟ್ರೆ ತನ್ನ ಪುಕ್ಕ ತಾನೇ ಕಿತ್ಕೊಳ್ಳುತ್ತೆ."

"ತಂಗಿ ಇರ್ತಾಳೆ," ಎಂದಳು ಅಕ್ಕ. ಸುಳ್ಳು ಹೇಳಿ ರೂಢಿಯೇ ಇಲ್ಲದವಳ ಬಾಯಲ್ಲಿ ಇಲ್ಲದ ತಂಗಿಯೊಬ್ಬಳು ಸಲೀಸಾಗಿ ಹುಟ್ಟಿಬಿಟ್ಟಳು.

"ಎಂಟು ದಿನ ಇಟ್ಕೊಂಡು ನೋಡಿ. ಆಮೇಲೆ ಮಾತು," ಎಂದು ಮುದುಕ ಬೂದು ಬಣ್ಣದ ಗಿಳಿಯೊಂದನ್ನು ಪಂಜರದ ಸಮೇತ ಕೊಟ್ಟ.

ಬೆಳಗ್ಗೆ ಎಂಟಕ್ಕೆ ಬೀಗ ಹಾಕಿ ಹೋದರೆ ಅವಳು ಬರುವುದು ಸಂಜೆ ಆರಕ್ಕೆ. ಬಂದವಳೇ ಪಂಜರದ ಮುಂದೆ ಕೂತು ಯಾರ ಯಾವ ಮೂಳೆ ಮುರಿಯಿತು, ಯಾವ ಡಾಕ್ಟರು ಯಾರ ಮೇಲೆ ಎಗರಾಡಿದರು, ಎಲ್ಲ ವರದಿ ಒಪ್ಪಿಸುವಳು. ಗಿಳಿ ತಲೆ ಓರೆ ಮಾಡಿ ಕೇಳುತ್ತಿತ್ತು, ತುಟಿಪಿಟಕ್ಕೆನ್ನುತ್ತಿರಲಿಲ್ಲ. ಆದರೂ ಅವಳಿಗೆ ಮನೆಗೆ ಬರುವ ಆಸೆ ಹುಟ್ಟಿತ್ತು. ಇದನ್ನು ಬಿಡಲಾರೆ ಎಂದು ನಾಲ್ಕನೇ ದಿನಕ್ಕೇ ನಿಶ್ಚಯಿಸಿದ್ದಳು.

ಏಳನೇ ದಿನ ಸಂಜೆ ಕೆಳಮನೆಯ ಅಜ್ಜಿ ಮೆಟ್ಟಿಲಲ್ಲಿ ತಡೆದರು. "ಅಲ್ವೇ, ದಿನಕ್ಕೆ ಎಷ್ಟು ಸಲ ಮನೆಗೆ ಬಂದು ಹೋಗ್ತೀಯಾ? ಬೆಳಗ್ಗಿಂದ ನೀನು ಬೀಗ ತೆಗೆಯೋ ಸದ್ದೇ ಸದ್ದು!"

"ನಾನಾ? ಈಗ ತಾನೇ ಬರ್ತಿದ್ದೀನಲ್ಲ ಅಜ್ಜಿ."

ಮೇಲೆ ಹೋದಳು. ಬೀಗದಕೈ ಇನ್ನೂ ಚೀಲದಲ್ಲೇ ಇತ್ತು. ಒಳಗಿನಿಂದ ಕಟಕ್, ಕಟಕ್ ಎಂದಿತು, ಆಮೇಲೆ ಕದ ಕಿರ್ರೆಂದಿತು. ಮುಂದಿದ್ದ ಕದ ಮುಚ್ಚಿದಂತೆಯೇ ಇತ್ತು. ತುಸು ಬಿಟ್ಟು ಮತ್ತೆ ಕಟಕ್, ಕಟಕ್. ಅವಳು ಬೀಗ ತೆಗೆದಳು. ಒಳಗೆ ಹೋಗಿ ನೋಡಿದರೆ ಆ ಸದ್ದು ಗಿಳಿಯ ಕೊಕ್ಕಿನಿಂದಲೇ ಬರುತ್ತಿತ್ತು. ಪಂಜರದ ತಳದಲ್ಲಿ ಬೂದು ಪುಕ್ಕಗಳು ಬಿದ್ದಿದ್ದವು. ಗಿಳಿಯ ಎದೆಯಲ್ಲಿ ಕಾಸಗಲ ಬೋಳಾಗಿತ್ತು.

ದೊಡ್ಡಮ್ಮ ಹೋದ ಹೊಸದರಲ್ಲಿ ಅವಳೂ ರಜೆಯ ದಿನಗಳಲ್ಲಿ ಆ ಬಾಗಿಲನ್ನೇ ನೋಡುತ್ತ ಕೂತಿದ್ದಳು. ತನ್ನ ಕಷ್ಟವನ್ನು ಇನ್ನೊಂದು ಜೀವಕ್ಕೆ ಅಂಟಿಸಿದೆನಲ್ಲಾ ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಬೆಳಗ್ಗೆ ಪಂಜರ ಹಿಡಿದು ಬಂದವಳನ್ನು ಕಂಡು ಮುದುಕ ನಕ್ಕ. "ಯಾಕೆ, ತಂಗಿಗೆ ಹಿಡಿಸಲಿಲ್ವಾ?"

"ತಂಗಿ ಇಲ್ಲ. ನಂಗೆ ಯಾರೂ ಇಲ್ಲ."

ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬೈಯಬೇಕಿದ್ದ ಮುದುಕ ಗಿಳಿಯ ಎದೆಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿ ಪಂಜರ ಇಸಿದುಕೊಂಡ.

ಅವಳು ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ಹಿಂದಿನಿಂದ ಅವಳ ಮನೆಯ ಬೀಗ ತೆಗೆದ ಸದ್ದಾಯಿತು. ತಿರುಗಿ ನೋಡಿದರೆ ಕೆಟ್ಟೆ ಎಂದುಕೊಂಡು, ಉಸಿರು ಹಿಡಿದು ರಸ್ತೆ ದಾಟಿದಳು.