ಸೀಸದ ಗುಂಡು ಮತ್ತು ಭಾನುವಾರದ ತಕ್ಕಡಿ

ನನ್ನ ಗಂಟಲು ದೊಡ್ಡದು. ಬೇರೆಯವರು ಹೇಳಿದರೆ ಮೈ ಉರಿಯುತ್ತದೆ, ಅದಕ್ಕೇ ನಾನೇ ಮೊದಲು ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ನಮ್ಮ ಬೀದಿಯಲ್ಲಿ ಎಲ್ಲರೂ ಮಹಡಿ ಮೇಲಿಂದಲೇ ಮಾತಾಡುತ್ತಿದ್ದರು. ಟೋಕಿಯೊ ಮಗ್ಗುಲಿನ ಗ್ಯೋಟೋಕುವಿಗೆ ಬಂದು ಈ ಫ್ಲ್ಯಾಟ್ ಹಿಡಿದ ಮೇಲೆ, ಬೆಳಿಗ್ಗೆ ನಾನು ಮಗಳನ್ನು ಎಬ್ಬಿಸಿದರೆ ಕೆಳಗಿನ ಮನೆಯ ಅಜ್ಜಿಯೂ ಏಳುತ್ತಾರೆ ಎಂದು ಗೊತ್ತಾಯಿತು. ಮಗಳು ಚಿಕ್ಕಂದಿನಿಂದ ಅಂಗೈ ಕೆಳಗೆ ಮಾಡಿ, ಗಾಳಿಯನ್ನು ಅದುಮುವವಳಂತೆ, "ಅಮ್ಮಾ, ಕೋಯೆ, ಕೋಯೆ" ಅನ್ನುತ್ತಾಳೆ. ಕೋಯೆ ಅಂದರೆ ಇಲ್ಲಿಯ ಭಾಷೆಯಲ್ಲಿ ದನಿ.

ಇಂಥ ತಾಯಿಯ ಮಗಳು ಹೈಸ್ಕೂಲಿಗೆ ಹೋದವಳು ಆರಿಸಿಕೊಂಡದ್ದು ರೈಫಲ್ ಕ್ಲಬ್ಬನ್ನು. ಊರಿನಲ್ಲಿದ್ದ ನನ್ನ ಅಕ್ಕ ಫೋನಿನಲ್ಲಿ "ಹೆಣ್ಣುಮಗು ಕೈಗೆ ಬಂದೂಕಾ?" ಎಂದು ಹೌಹಾರಿದಳು. ಅವಳಿಗೆ ವಿವರಿಸಿ ವಿವರಿಸಿ ಸಾಕಾಯಿತು. ಮೊದಲು ಮಕ್ಕಳ ಕೈಗೆ ಕೊಡುವುದು ಬರೀ ಬೆಳಕು ಬಿಡುವ ರೈಫಲ್. ಆಮೇಲೆ ಪೊಲೀಸರ ಪಾಠ, ಪರೀಕ್ಷೆ, ಅನುಮತಿ ಎಲ್ಲ ಮುಗಿದರೆ ಗಾಳಿಯಿಂದ ಗುಂಡು ಹಾರಿಸುವ ರೈಫಲ್. ಅದೂ ಸೆನ್ಸೇ, ಅಂದರೆ ಕಲಿಸುವ ಮೇಷ್ಟ್ರು, ಪಕ್ಕದಲ್ಲಿ ನಿಂತಿರುವಾಗ ಮಾತ್ರ. ರೈಫಲ್ ನಮ್ಮ ಮನೆ ಬಾಗಿಲನ್ನೇ ಕಂಡಿಲ್ಲ. ಮನೆಗೆ ಬರುವುದು ಗುಂಡಿನ ಡಬ್ಬಿ ಒಂದೇ.

ಗುಂಡು ಅಂದರೆ ಮೆಣಸಿನ ಕಾಳಿಗಿಂತ ಒಂದಿಷ್ಟು ದೊಡ್ಡದಾದ ಸೀಸದ ತುಣುಕು. ನಡು ಸಣ್ಣ, ಎರಡು ಕಡೆ ಅಗಲ, ಥೇಟ್ ಬೊಂಬೆಗೆ ಮಾಡಿಸಿದ ಡಮರು. ಸೀಸ ಮೆತ್ತಗಿನದು, ಡಬ್ಬಿಯೊಳಗೆ ಕುಲುಕಾಡಿಯೇ ಕೆಲವು ಸೊಟ್ಟಗಾಗುತ್ತವೆ. ಸೊಟ್ಟಗಾದವನ್ನು ನೋಡಿ ಬೇರೆ ಹಾಕಿ ಎಂದಷ್ಟೇ ಸೆನ್ಸೇ ಹೇಳಿದ್ದರು.

"ತೂಕ ನೋಡೋದು ಬೇಡವಂತಾ?" ಎಂದು ಮಗಳನ್ನು ಕೇಳಿದೆ.

"ಬೇಡವಂತೆ. ನಮ್ಮ ಲೆವೆಲ್‌ಗೆ ಡಿಫರೆನ್ಸ್ ಬರಲ್ಲವಂತೆ."

"ಹಂಗಂದ್ರೇನೇ? ತೂಕ ನೋಡದೆ ಏನಾದ್ರೂ ಆರಿಸೋದುಂಟಾ?"

ಈ ಮಾತು ನನ್ನ ಬಾಯಲ್ಲಿ ಬರದೆ ಇನ್ಯಾರ ಬಾಯಲ್ಲಿ ಬರಬೇಕು? ನಾನು ಅಕ್ಕಸಾಲಿಗರ ಮನೆ ಮಗಳು. ನಮ್ಮ ಅಪ್ಪ ಅಂಗಡಿಯಲ್ಲಿ ಚಿನ್ನ ತೂಗುವಾಗ ಫ್ಯಾನ್ ಆರಿಸುತ್ತಿದ್ದರು, ಬಾಗಿಲು ಮುಂದೆ ಮಾಡುತ್ತಿದ್ದರು. ನಾನು ಬಂದರೆ "ಬಾಯಿ ಮುಚ್ಚಿಕೊಂಡು ಕೂರೋದಾದರೆ ಕೂರು" ಅನ್ನುತ್ತಿದ್ದರು. ಉಸಿರು ಬಿಗಿಹಿಡಿದು ಕೂತು ತಕ್ಕಡಿಯ ಮುಳ್ಳು ನಿಲ್ಲುವುದನ್ನು ನೋಡುವುದು ನನಗೆ ಸಿನಿಮಾಗಿಂತ ಇಷ್ಟವಾಗಿತ್ತು.

ಆನ್‌ಲೈನಿನಲ್ಲಿ ಅಂಗೈಯಗಲದ ತಕ್ಕಡಿ ತರಿಸಿಯೇಬಿಟ್ಟೆ. ಗ್ರಾಮಿನ ಸಾವಿರದಲ್ಲೊಂದು ಭಾಗದವರೆಗೂ ತೋರಿಸುತ್ತದೆ. ಅಂದಿನಿಂದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮಿಬ್ಬರದು ಇದೇ ಕೆಲಸ. ಕಿಟಕಿ ಮುಚ್ಚಬೇಕು, ಎಸಿ ಆರಿಸಬೇಕು, ಮೇಜಿನ ಮೇಲೆ ಹಳೆಯ ಪೇಪರ್ ಹಾಸಬೇಕು. ಸೀಸ ಮೈಗೆ ಒಳ್ಳೆಯದಲ್ಲ, ಅದಕ್ಕೆ ಕೈಗೆ ಗ್ಲೌಸು. ನನ್ನ ಒಂದು ಸ್ಟೀಲ್ ತಟ್ಟೆ ಈ ಕೆಲಸಕ್ಕೆ ಅಂತ ಅಡುಗೆಮನೆಯಿಂದ ಶಾಶ್ವತವಾಗಿ ಬಹಿಷ್ಕಾರ ಹಾಕಿಸಿಕೊಂಡಿತು. ಮಗಳು ಚಿಮಟದಲ್ಲಿ ಒಂದೊಂದೇ ಗುಂಡು ಎತ್ತಿಡುತ್ತಾಳೆ, ನಾನು ಅಂಕಿ ಓದುತ್ತೇನೆ. ಒಂದೇ ತೂಕದವು ಒಂದು ಡಬ್ಬಿಗೆ, ಹೆಚ್ಚುಕಮ್ಮಿ ಇದ್ದವು ಅಭ್ಯಾಸದ ಡಬ್ಬಿಗೆ.

ಆ ತಕ್ಕಡಿಯೋ ಮಹಾ ಸೂಕ್ಷ್ಮ. ಜೋರಾಗಿ ಒಂದು ಉಸಿರು ಬಿಟ್ಟರೆ ಕೊನೆಯ ಅಂಕಿ ಕುಣಿಯುತ್ತದೆ. ಹತ್ತಿರದಲ್ಲೇ ತೋಜಾಯ್ ಲೈನಿನ ರೈಲು ಬಂದರಂತೂ ಅದು ಹೋಗುವ ತನಕ ಕಾಯಲೇಬೇಕು. ಹೀಗಾಗಿ ನಾವಿಬ್ಬರೂ ಗರ್ಭಗುಡಿಯ ಮುಂದೆ ಕೂತವರಂತೆ ಪಿಸುಮಾತಾಡುತ್ತಿದ್ದೆವು. ವಾರವೆಲ್ಲ "ಹ್ಞಾಂ", "ಓಕೆ", ಇಲ್ಲವೇ ಏನಿಲ್ಲ ಅನ್ನುವುದಕ್ಕೆ "ಬೆತ್ಸುನಿ" ಎಂದು ಜಾರಿಕೊಳ್ಳುವ ಹುಡುಗಿ ಆ ಹೊತ್ತಿನಲ್ಲಿ ಬಾಯಿ ಬಿಡುತ್ತಿದ್ದಳು. ಯಾವ ಗೆಳತಿ ಯಾವ ಗೆಳತಿಯ ಜೊತೆ ಟೂ ಬಿಟ್ಟಿದ್ದಾಳೆ, ಫಿಸಿಕ್ಸ್ ಮೇಷ್ಟ್ರ ವಿಗ್ಗು ಗಾಳಿಗೆ ಹೇಗೆ ತಿರುಗಿತು, ಎಲ್ಲ ಅವಳ ಅರ್ಧಂಬರ್ಧ ಕನ್ನಡದಲ್ಲಿ ಬರುತ್ತಿತ್ತು. ನಗು ಬಂದರೂ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದೆವು. ಅದೆಲ್ಲ ನನಗೆ ಕೊಸರು, ನಿಜವಾದ ವ್ಯಾಪಾರ ಗುಂಡಿನದು ಎಂದುಕೊಂಡಿದ್ದೆ.

ಶರತ್ಕಾಲದಲ್ಲಿ ದೊಡ್ಡ ಪಂದ್ಯ. ಸ್ಕೂಲಿನಿಂದ ಮೂವರು ಹೋಗಬೇಕು. ಇಬ್ಬರು ಮೊದಲೇ ಗೊತ್ತಾಗಿದ್ದರು. ಮೂರನೆಯ ಜಾಗಕ್ಕೆ ನನ್ನ ಮಗಳು ಮತ್ತು ಅವಳ ತರಗತಿಯದೇ ಇನ್ನೊಬ್ಬ ಹುಡುಗಿ. ಒಂದು ರಜಾದಿನ ಇಬ್ಬರಿಗೂ ಪರೀಕ್ಷೆ ಇಟ್ಟು, ಹೆಚ್ಚು ಅಂಕ ತೆಗೆದವಳನ್ನು ಕಳಿಸುವುದು ಎಂದಾಯಿತು. ಮಗಳಿಗೆ ಅದು ಎಷ್ಟು ಬೇಕಾಗಿತ್ತೆಂದರೆ ಹಲ್ಲುಜ್ಜುವಾಗಲೂ ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ ಎತ್ತಿ ಹಿಡಿದು ನಿಲ್ಲುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ನನ್ನ ಕೈಲಾಗುವುದು ಒಂದೇ ಎಂದು, ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಗುಂಡುಗಳನ್ನು ಆರಿಸಿ ಬೇರೆ ಡಬ್ಬಿ ಮಾಡಿದೆವು. ಅದಕ್ಕೆ "ಚಿನ್ನದ ಡಬ್ಬಿ" ಎಂದು ನಾನೇ ಹೆಸರಿಟ್ಟೆ.

ಆ ರಜಾದಿನವೇ ಆಯುಧಪೂಜೆಯೂ ಬಿತ್ತು.

ಆಯುಧಪೂಜೆ ನನ್ನ ತವರಿನಲ್ಲಿ ಹಬ್ಬಗಳ ಹಬ್ಬ. ಇಲ್ಲಿಯೂ ಬಿಟ್ಟಿಲ್ಲ. ಬೆಳಿಗ್ಗೆ ಎದ್ದು ಮಿಕ್ಸಿ, ಕತ್ತರಿ, ಈಳಿಗೆಮಣೆ, ಗಂಡನ ಲ್ಯಾಪ್‌ಟಾಪ್ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದೆ. ಬೀದಿ ಕೊನೆಯ ಕೊಂಬಿನಿ ಅಂಗಡಿಯಿಂದ ತಂದ ನಿಂಬೆಹಣ್ಣನ್ನು ಕೆಳಗೆ ಸೈಕಲ್ ಚಕ್ರಕ್ಕೆ ಕೊಟ್ಟು, ಹಿಂದೆಯೇ ಸಿಪ್ಪೆ ಚೀಲಕ್ಕೆ ತುಂಬಿದೆ. ಕಟ್ಟಡ ನೋಡಿಕೊಳ್ಳುವ ಮುದುಕರಿಗೆ ತಪ್ಪಾಯಿತು ಅನ್ನುವ ಒಂದು "ಸುಮಿಮಾಸೆನ್" ಹೇಳಿ ಮೇಲೆ ಬಂದೆ. ಕೊನೆಗೆ ಚಿನ್ನದ ಡಬ್ಬಿಯನ್ನು ದೇವರ ಮುಂದಿಟ್ಟು, ಕುಂಕುಮವಿಟ್ಟು, ಸೇವಂತಿಗೆ ಏರಿಸಿ ಮಂಗಳಾರತಿ ಮಾಡಿದೆ.

ಮಗಳು ಬ್ಯಾಗು ಹೆಗಲಿಗೇರಿಸಿ ಬಂದಳು. "ಅಮ್ಮಾ, ನನ್ನ ಡಬ್ಬಿ ಎಲ್ಲಿ?"

"ದೇವರ ಮುಂದಿದೆ ನೋಡು. ಪೂಜೆ ಆಯ್ತು. ನಮಸ್ಕಾರ ಮಾಡಿ ತಗೊಂಡು ಹೋಗು, ಒಳ್ಳೇದಾಗತ್ತೆ."

ಅವಳು ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಇವತ್ತು ಮುಟ್ಟಬಾರದಲ್ವಾ?"

ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ನಮ್ಮಪ್ಪ ಗಿರಾಕಿ ಬಂದು ಬಾಗಿಲಲ್ಲಿ ನಿಂತರೂ ಅಂದು ತಕ್ಕಡಿ ಮುಟ್ಟುತ್ತಿರಲಿಲ್ಲ. ಈ ಮನೆಯಲ್ಲಿ ಅದನ್ನು ಕಡ್ಡಾಯ ಮಾಡಿದವಳು ನಾನೇ. ಹಿಂದಿನ ವರ್ಷ ಈ ಹುಡುಗಿ ಪಠ್ಯಪುಸ್ತಕಗಳನ್ನೆಲ್ಲ ತಾನೇ ಪೂಜೆಗಿಟ್ಟು, ದಿನವಿಡೀ ಸೋಫಾದಲ್ಲಿ ಬಿದ್ದುಕೊಂಡಿದ್ದಳು. ಆಗ ಮೆಚ್ಚಿಕೊಂಡವಳೂ ನಾನೇ. ಮಗಳು ಗೆಲ್ಲಲಿ ಅನ್ನುವ ಆತುರದಲ್ಲಿ ಆ ನಿಯಮ ನನ್ನ ತಲೆಯಿಂದ ಹಾರಿಯೇ ಹೋಗಿತ್ತು.

"ಇದಕ್ಕೆ ಪರವಾಗಿಲ್ಲ ಬಿಡೇ, ದೇವರು ಏನೂ ಅಂದ್ಕೊಳಲ್ಲ."

"ಲಾಸ್ಟ್ ಇಯರ್ ಆಫೀಸಿಂದ ಫೋನ್ ಬಂದ್ರೂ ನೀನು ಅಪ್ಪಂಗೆ ಲ್ಯಾಪ್‌ಟಾಪ್ ಕೊಡಲಿಲ್ಲ."

"ಅದು ಲ್ಯಾಪ್‌ಟಾಪು! ಇದು ನಿನ್ನ ಸೆಲೆಕ್ಷನ್ನು! ತಲೆ ನೆಟ್ಟಗಿದೆಯೇನೇ ನಿಂಗೆ?" ಕೆಳಗಿನ ಮನೆಯಷ್ಟೇ ಅಲ್ಲ, ಪಕ್ಕದ ಕಟ್ಟಡಕ್ಕೂ ಕೇಳಿರಬೇಕು.

ಅವಳು ಕೋಯೆ ಎನ್ನಲಿಲ್ಲ. ಮೇಜಿನ ಖಾನೆಯಿಂದ ಅಭ್ಯಾಸದ ಡಬ್ಬಿ ತೆಗೆದು ಬ್ಯಾಗಿಗೆ ಹಾಕಿಕೊಂಡಳು. ದೇವರಿಗೆ ಕೈಮುಗಿದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಟುಹೋದಳು.

"ಹಠದಲ್ಲಿ ನಿನ್ನನ್ನೇ ಹೋಲ್ತಾಳೆ" ಎಂದರು ನನ್ನ ಗಂಡ. ಲ್ಯಾಪ್‌ಟಾಪ್ ಇಲ್ಲದ ರಜೆ ಸಿಕ್ಕ ಖುಷಿ ಅವರಿಗೆ.

ಆ ದಿನ ಒಬ್ಬಟ್ಟು ಬೇಯಿಸುತ್ತಲೇ ನೂರು ಸಲ ದೇವರ ಗೂಡಿನ ಕಡೆ ನೋಡಿದೆ. ಡಬ್ಬಿ ಹಿಡಿದು ಸ್ಟೇಷನ್ನಿಗೆ ಓಡಿಬಿಡಲಾ ಅನ್ನಿಸಿ ಒಮ್ಮೆ ಕೈಯನ್ನೂ ಚಾಚಿದೆ. ಬೆರಳಿಗೆ ಕುಂಕುಮ ತಾಗಿತು, ಕೈ ಹಿಂದೆ ಬಂತು. ನನಗೆ ನಿಜವಾಗಿ ಭಯವಾಗಿತ್ತು. ಅಭ್ಯಾಸದ ಗುಂಡಿನಿಂದ ಅವಳು ಒಂದೇ ಒಂದು ಅಂಕದಲ್ಲಿ ಸೋತು ಬಂದರೆ, ಈ ಹಬ್ಬವನ್ನೂ ನನ್ನನ್ನೂ ಒಟ್ಟಿಗೆ ದೂರ ಇಡುತ್ತಾಳೆ ಅನ್ನಿಸಿತು.

ಮೂರು ಗಂಟೆಯ ಸುಮಾರಿಗೆ ಮೆಸೇಜು ಬಂತು: ಮೂರನೆಯವಳು ನಾನೇ, ಇವತ್ತಿನದು ನನ್ನ ಬೆಸ್ಟ್ ಸ್ಕೋರ್.

ನಾನು ಕಿರುಚಿದ್ದಕ್ಕೆ ಗಂಡ ಕೂತಲ್ಲಿಂದ ಎದ್ದು ನಿಂತರು. ಕುಣಿದದ್ದೂ ಆಯಿತು, ಅತ್ತದ್ದೂ ಆಯಿತು. ಸಂಜೆ ಬಂದವಳನ್ನು ತಬ್ಬಿಕೊಂಡೆ, ಅವಳು ತುಪ್ಪ ಸುರಿದುಕೊಂಡು ಎರಡು ಒಬ್ಬಟ್ಟು ತಿಂದಳು, ನನ್ನ ಹೊಟ್ಟೆ ತಣ್ಣಗಾಯಿತು. ಆದರೆ ರಾತ್ರಿ ಪಾತ್ರೆ ತೊಳೆಯುವಾಗ ಒಳಗೊಂದು ಮುಳ್ಳು ಚುಚ್ಚತೊಡಗಿತು. ಬೆಸ್ಟ್ ಸ್ಕೋರು ಬಂದದ್ದು ನಾನು ಬೇಡವೆಂದು ತಳ್ಳಿದ ಗುಂಡಿನಲ್ಲಿ. ಹಾಗಾದರೆ ಇಷ್ಟು ತಿಂಗಳು ನಾನು ಮಾಡಿದ್ದೇನು?

ಮುಂದಿನ ಭಾನುವಾರ ಊಟವಾದ ಮೇಲೆ ತಕ್ಕಡಿಯನ್ನು ಅದರ ಪೆಟ್ಟಿಗೆಗೆ ಹಾಕಿದೆ. "ಇನ್ನು ಇದರ ಅಗತ್ಯ ಇಲ್ಲ. ನಿಮ್ಮ ಸೆನ್ಸೇ ಹೇಳಿದ್ದೇ ಸರಿ" ಅಂದೆ. ಮಾತಿನಲ್ಲಿ ಸ್ವಲ್ಪ ಖಾರವಿತ್ತು.

ಮಗಳು ಎದ್ದು ಹೋಗಿ ಕಿಟಕಿ ಮುಚ್ಚಿದಳು. ಎಸಿ ಆರಿಸಿದಳು. ಪೇಪರ್ ಹಾಸಿ, ಬಹಿಷ್ಕಾರದ ತಟ್ಟೆ ಇಟ್ಟು, ತಕ್ಕಡಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಳು.

"ಯಾಕೇ? ಬೇಡ ಅಂದ್ನಲ್ಲ."

"ಗುಂಡಿಗೆ ಬೇಡ. ಅದು ನಂಗೆ ಮೊದಲೇ ಗೊತ್ತಿತ್ತು" ಎಂದಳು, ಗ್ಲೌಸು ಹಾಕಿಕೊಳ್ಳುತ್ತ.

"ಮತ್ತೆ ಇಷ್ಟು ದಿನ ಯಾಕೆ ಕೂತೆ ನನ್ನ ಜೊತೆ?"

ಅವಳು ಚಿಮಟದಲ್ಲಿ ಒಂದು ಗುಂಡು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಕನ್ನಡದ ಪದಗಳನ್ನು ಒಂದೊಂದಾಗಿ ಹುಡುಕಿ ಜೋಡಿಸುತ್ತ ಹೇಳಿದಳು: "ಇದು ಆನ್ ಇದ್ದಾಗ ಮಾತ್ರ ನೀನು ಮೆಲ್ಲಗೆ ಮಾತಾಡ್ತೀಯಮ್ಮ. ಆಗ ನಂಗೆ ಎಲ್ಲಾನೂ ಹೇಳಬೇಕು ಅನ್ಸತ್ತೆ."

ನಾನೇನು ಯಾವಾಗಲೂ ಕೂಗಾಡುತ್ತೇನಾ ಎಂದು ಕೇಳಲು ನನ್ನ ಬಾಯಿ ಆಗಲೇ ತೆರೆದಾಗಿತ್ತು. ಅಷ್ಟರಲ್ಲಿ ಅವಳು ಗುಂಡನ್ನು ತಕ್ಕಡಿಯ ಮೇಲಿಟ್ಟಳು. ನನ್ನ ಉಸಿರಿಗೆ ಕೊನೆಯ ಅಂಕಿ ಕುಣಿಯತೊಡಗಿತು.

ಬಾಯಿ ಮುಚ್ಚಿದೆ. ಅಂಕಿ ನಿಲ್ಲುವವರೆಗೆ ಇಬ್ಬರೂ ಕಾದೆವು. ನಿಂತ ಮೇಲೆ ಅದನ್ನು ಓದಿ, "ಸರಿ, ಹೇಳು" ಎಂದೆ, ಮೆಲ್ಲಗೆ.